ವಿನೋಬನಗರದ ಹಾಯಿಕಂಬ

ಕೆಲವರ ಮನೆಯಲ್ಲಿ ಹಾಲು ಉಕ್ಕುತ್ತಲೇ ಇರುತ್ತದೆ, ಕೆಲವರ ಸ್ಕೂಟರು ಸಿಗ್ನಲ್ಲಿನಲ್ಲೇ ಕೆಡುತ್ತದೆ. ನನ್ನ ಪಾಲಿಗೆ ಬಂದದ್ದು ಸಡಿಲವಾಗುವ ತಂತಿ. ಕೆಲಸದಲ್ಲಿದ್ದಾಗಲೂ ಅದೇ, ರಿಟೈರ್ ಆದಮೇಲೂ ಅದೇ.

ನಾನು ಲೈನ್‌ಮನ್ ಆಗಿದ್ದವನು. ಹದಡಿ ಕಡೆಯ ಹೊಲಗಳಲ್ಲಿ ಕರೆಂಟಿನ ಕಂಬ ನೆಟ್ಟು, ಅದು ವಾಲದ ಹಾಗೆ ಸ್ಟೇ ವೈರ್ ಎಳೆದು ಕಟ್ಟಿ ಸರ್ವಿಸು ಮುಗಿಸಿದೆ. ರಿಟೈರ್ ಆದಮೇಲೆ ಕಾರವಾರಕ್ಕೆ ಹೋದಾಗ ಹಾಯಿದೋಣಿ ಕಣ್ಣಿಗೆ ಬಿತ್ತು. ನಡುವೆ ಒಂದು ಕಂಬ, ಮುಂದಕ್ಕೊಂದು ತಂತಿ, ಆಚೆ ಈಚೆ ಒಂದೊಂದು. ಇದು ನನ್ನದೇ ಕಸುಬಲ್ಲವೇ ಅನ್ನಿಸಿತು. ಅಲ್ಲಿಯವರೊಬ್ಬರ ಹಳೇ ಪುಟ್ಟ ದೋಣಿ ಕೊಂಡು, ಟ್ರಾಲಿ ಸಮೇತ ದಾವಣಗೆರೆಗೆ ತಂದು, ವಿನೋಬನಗರದ ಮನೆ ಮುಂದೆ ನಿಲ್ಲಿಸಿದೆ.

ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. “ಕಂಬ ಹತ್ತಿ ಇಳಿದಿದ್ದು ಸಾಕಾಗ್ಲಿಲ್ಲೇನ್ರಿ? ಈಜು ಬೇರೆ ಬರಲ್ಲ ನಿಮಗೆ.”

ಎರಡು ದಿನ ಮಾತು ಬಿಟ್ಟಳು. ಆಮೇಲೆ ಒಂದು ಒಪ್ಪಂದಕ್ಕೆ ಬಂದಳು. ದೀಪಾವಳಿಯೊಳಗೆ ಹರಿಹರದಲ್ಲಿ ಹೊಳೆ ದಾಟಿ, ಕಂಬ ಬೀಳಿಸದೆ ವಾಪಸ್ ಬಂದರೆ ದೋಣಿ ಮನೆಯಲ್ಲಿರುತ್ತದೆ. ಇಲ್ಲದಿದ್ದರೆ ಗುಜರಿಗೆ. ಬೀದಿ ಕೊನೆಯ ಗುಜರಿ ಸಾಬರಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಮಾರನೇ ದಿನದಿಂದಲೇ ಕೈಗಾಡಿ ತಳ್ಳಿಕೊಂಡು ಬಂದು ಕೇಳತೊಡಗಿದರು: “ಸಾಹೇಬ್ರೆ, ಇವತ್ತು ಕೊಡ್ತೀರೋ, ಮುಂದಿನ ವಾರ ಬರ್ಲೋ?” ನನಗೋ ಆ ದೋಣಿಯ ಮೇಲೆ ಜೀವ. ಅವರ ಮುಖ ಕಂಡರೆ ಮೈ ಉರಿಯುತ್ತಿತ್ತು.

ಬಾಳೆಹಣ್ಣು

ಕಂಬ ಏರಿಸಲು ನನ್ನ ಭಾಮೈದ ಬಂದ. ಅವನು ಬುಡ ಹಿಡಿದು ದೋಣಿಯ ತಳದ ಗುಳಿಯಲ್ಲಿ ಕೂರಿಸುವುದು, ನಾನು ತಂತಿ ಬಿಗಿಯುವುದು ಎಂದು ಕೆಲಸ ಹಂಚಿಕೊಂಡೆವು. ಕರೆಂಟಿನ ಕಂಬದ ತಂತಿಯನ್ನು ಬೆರಳಿಂದ ಮೀಟಿದರೆ ಟಂಯ್ ಅನ್ನಬೇಕು. ಇದನ್ನೂ ಟಂಯ್ ಅನ್ನುವ ತನಕ ಬಿಗಿದೆ. ನೋಡಿದರೆ ದೋಣಿಯ ಮೂತಿಯೂ ಬಾಲವೂ ಮೇಲೆದ್ದಿವೆ. ಗಾಬರಿಯಾಗಿ ಕಾರವಾರಕ್ಕೆ ಫೋನ್ ಹಚ್ಚಿದೆ.

“ತಂತಿ ಎಷ್ಟು ಬಿಗಿ ಮಾಡಿದ್ರಿ?” ಎಂದರು ಮಾರಿದವರು.

“ಬಿರುಗಾಳಿಗೂ ಅಲ್ಲಾಡಬಾರ್ದು, ಅಷ್ಟು.”

“ದೋಣಿ ಹೇಗಿದೆ ಈಗ?”

“ಸ್ವಲ್ಪ ಬಾಳೆಹಣ್ಣಿನಂಗೆ ಐತ್ರಿ.”

ಅವರು ನಿಧಾನವಾಗಿ ಬಿಡಿಸಿ ಹೇಳಿದರು: “ನಿಮ್ಮ ಕರೆಂಟ್ ಕಂಬದ ತಂತಿಯನ್ನ ಭೂಮಿಗೆ ಕಟ್ಟಿರ್ತೀರಿ. ಭೂಮಿ ಬಗ್ಗುವುದಿಲ್ಲ. ದೋಣಿ ಬಗ್ತದೆ.”

ಇದನ್ನು ಕೇಳಿಸಿಕೊಂಡ ಭಾಮೈದ ನಿಟ್ಟುಸಿರು ಬಿಟ್ಟ. “ಹಂಗಾರೆ ಇಷ್ಟು ವರ್ಷ ಹದಡಿ ಬಗ್ಗದೇ ಉಳಿದಿದ್ದೇ ಪುಣ್ಯ ಅನ್ರಿ ಭಾವ.”

ಕೌದಿ

ಹದ ನೋಡಿ ಸಡಿಲ ಮಾಡಿದೆ. ಅವರು ಹೇಳಿದಷ್ಟೇ ಬಿಗಿ, ಒಂದು ಸುತ್ತು ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಮೂರೂ ತಂತಿ ಜೋಲು. ಮತ್ತೆ ಬಿಗಿದೆ. ಸಂಜೆ ಮತ್ತೆ ಜೋಲು. ಇಷ್ಟು ವರ್ಷ ತಂತಿ ಎಳೆದವನಿಗೆ ಇದಕ್ಕಿಂತ ಅವಮಾನ ಬೇಕೆ?

ಕಳ್ಳ ಸಿಕ್ಕಿಬಿದ್ದ ಅಂದುಕೊಂಡದ್ದು ಮಧ್ಯಾಹ್ನ. ಪಕ್ಕದ ಮನೆಯಾಕೆ ಒಗೆದ ಕೌದಿಯನ್ನು ನನ್ನ ತಂತಿಯ ಮೇಲೆ ಹರವಿ ಹೋಗಿದ್ದರು. ನೀರು ಕುಡಿದ ಕೌದಿ ಎಂದರೆ ಒಂದಾಳು ತೂಕ. ನಾನು ಅವರ ಬಾಗಿಲಿಗೇ ಹೋಗಿ, “ಏನ್ರಮ್ಮಾ, ನಮ್ ತಂತಿ ಜೋಲು ಬೀಳಿಸೀರಲ್ಲ” ಎಂದೆ.

ಆಕೆ ಸೊಂಟಕ್ಕೆ ಕೈಯಿಟ್ಟು ಹೊರಗೆ ಬಂದರು. “ನಾನೇ ಕೇಳ್ಬೇಕಂತಿದ್ದೆ ರೀ. ನಿಮ್ ತಂತಿ ಮೊದ್ಲೇ ಜೋಲಾಗಿ ನನ್ ಕೌದಿಯೆಲ್ಲ ಮಣ್ಣಾತು. ಒಣಗಾಕೋ ತಂತಿನ ಒಂಚೂರು ಗಟ್ಟಿಯಾಗಿ ಕಟ್ಟಬಾರ್ದಾ?”

ಗಾರೆಯವರ ಗುಂಡು

ತಪ್ಪು ತಂತಿಯದ್ದಲ್ಲ, ಕಂಬವೇ ವಾಲಿದೆ ಎಂದು ಬೀದಿಯವರೆಲ್ಲ ತೀರ್ಮಾನಿಸಿದರು. ಒಬ್ಬರು ಎಡಕ್ಕೆ ಅಂದರೆ ಇನ್ನೊಬ್ಬರು ಬಲಕ್ಕೆ. ಎದುರು ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿ ದಾರಕ್ಕೆ ಕಟ್ಟಿದ ಗುಂಡು ತಂದು ಇಳಿಬಿಟ್ಟು, “ನಾಲ್ಕು ಬೆರಳು ಎಡಕ್ಕೆ ವಾಲೈತೆ, ಬಿಚ್ಚಿ ಕಟ್ರಿ” ಎಂದ. ಕಂಬ ಇಳಿಸಿದೆವು. ಭಾಮೈದ ಮತ್ತೆ ಬುಡ ಹಿಡಿದ, ಮತ್ತೆ ಏರಿಸಿದೆವು. ಅರ್ಧ ದಿನ ಹಿಡಿಯಿತು. ಗುಂಡು ಕಂಬಕ್ಕೆ ಅಂಟಿಕೊಂಡ ಹಾಗೆ ನಿಂತಿತು. ಇಡೀ ಬೀದಿ ಭೇಷ್ ಎಂದಿತು.

ಹೆಂಡತಿ ಟೀ ತಟ್ಟೆ ಹಿಡಿದು ಬಂದವಳು ತಲೆ ಓರೆ ಮಾಡಿ ನೋಡಿದಳು. “ಕಂಬ ನೆಟ್ಟಗೈತೆ, ಸರಿ. ನಮ್ ರೋಡೇ ಚರಂಡಿ ಕಡೆ ವಾಲೈತಲ್ರಿ. ಹರಿಹರಕ್ಕೆ ಹೋಗುವಾಗ ರೋಡೂ ತಗೊಂಡು ಹೋಗ್ತೀರೇನು?”

ಹೊಳೆಯ ನಡುವೆ

ದೀಪಾವಳಿಯ ಹಿಂದಿನ ಭಾನುವಾರ ಹರಿಹರಕ್ಕೆ ಹೋದೆವು. ಹೊಳೆಯಲ್ಲಿ ನೀರಿತ್ತು, ಹದವಾದ ಗಾಳಿಯಿತ್ತು. ಕಂಬ ಏರಿಸಿ, ತಂತಿ ಬಿಗಿದು, ಸೊಂಟಕ್ಕೆ ಟ್ಯೂಬು ಹಾಕಿಕೊಂಡೆ. ಭಾಮೈದ ಚುಕ್ಕಾಣಿ ಹಿಡಿದ. ದಡದಲ್ಲಿ ಹೆಂಡತಿ ಬುತ್ತಿ ಇಟ್ಟುಕೊಂಡು ಕೂತಳು. ಅವಳ ಪಕ್ಕಕ್ಕೆ ಗುಜರಿ ಸಾಬರು, ಬಾಡಿಗೆ ಲಗೇಜ್ ಆಟೋ ಸಮೇತ.

ನಡುಹೊಳೆಯ ತನಕ ಚೆನ್ನಾಗಿಯೇ ಹೋದೆವು. ಅಲ್ಲಿ ಗಾಳಿ ಒಮ್ಮೆ ಒತ್ತಿತು. ಬುಡದಲ್ಲಿ ಪಿಚಕ್ ಎಂದು ಸದ್ದು. ಮೂರೂ ತಂತಿ ಒಟ್ಟಿಗೆ ಜೋಲು ಬಿದ್ದವು. ಕಂಬ ಕುಡುಕನ ಹಾಗೆ ತೂರಾಡತೊಡಗಿತು. ನಾನು ಎದ್ದು ಅದನ್ನು ತಬ್ಬಿಕೊಂಡೆ. ದಡದಲ್ಲಿ ಸಾಬರು ಆಟೋದ ಹಿಂದಿನ ಬಾಗಿಲು ತೆಗೆದದ್ದು ಕಾಣಿಸಿತು.

“ಭಾವಾ, ಒಂದು ಮಾತು ಹೇಳಿದ್ರೆ ಬೈಬಾರ್ದು,” ಎಂದ ಭಾಮೈದ.

“ಬೈಯೋಕೆ ಈಗ ಪುರುಸೊತ್ತಿಲ್ಲ, ಹೇಳು.”

“ಕಂಬದ ಬುಡದಾಗೆ ನಿಂಬೆಹಣ್ಣು ಐತೆ.”

ಹೊಸ ಗಾಡಿ ತಂದರೆ ಗಾಲಿ ಕೆಳಗೆ ಇಡುವುದಿಲ್ಲವೇ, ಹಾಗೆ. ಈ ಗಾಡಿಗೆ ಗಾಲಿಯಿಲ್ಲವಲ್ಲ ಎಂದು ಕಂಬದ ಕೆಳಗೆ. ಏರಿಸಿದಾಗಲೆಲ್ಲ ಹೊಸದೊಂದು. ತಂತಿ ಬಿಗಿದ ಹಾಗೆಲ್ಲ ಹಣ್ಣು ಅಪ್ಪಚ್ಚಿಯಾಗಿ ಕಂಬ ಕೆಳಗಿಳಿದಿದೆ, ತಂತಿ ಸಡಿಲವಾಗಿದೆ. “ಅಕ್ಕ ಆಣೆ ಹಾಕಿಸಿಕೊಂಡಿದ್ಲು ಭಾವ, ಹೇಳಬ್ಯಾಡ ಅಂತ.”

ತಬ್ಬಿಕೊಂಡೇ ಆಚೆ ದಡ ಸೇರಿದೆ. ಹಣ್ಣಿನ ಸಿಪ್ಪೆ ಕೆತ್ತಿ ತೆಗೆದು, ಕಂಬವನ್ನು ಗುಳಿಯಲ್ಲಿ ಸರಿಯಾಗಿ ಕೂರಿಸಿ ತಂತಿ ಬಿಗಿದೆವು. ವಾಪಸ್ ಬರುವಾಗ ಒಂದು ತಂತಿಯೂ ಮಿಸುಕಲಿಲ್ಲ. ದೋಣಿ ಉಳಿಯಿತು. ಕಣ್ಣಲ್ಲಿ ನೀರೇ ಬಂತು ನನಗೆ. ಸಾಬರು ಕೈಕುಲುಕಿ, “ಮುಬಾರಕ್ ಸಾಹೇಬ್ರೆ” ಎಂದವರೇ ಮೆಲ್ಲಗೆ ಸೇರಿಸಿದರು, “ಟ್ರಾಲಿ ಬೇಕಾಗ್ತದಾ?”

ನಾನು ಸೀದಾ ಹೆಂಡತಿ ಹತ್ತಿರ ಹೋದೆ. “ನಿಂಬೆಹಣ್ಣು ಯಾಕ ಇಡಿಸಿದೆ?”

“ಮತ್ತೇನ್ ಮಾಡ್ಲಿ? ನೀವು ಕಂಬ ಹತ್ತೋ ಕಾಲದಿಂದ್ಲೂ ನಂಗೆ ಜೀವ ಕೈಯಾಗೇ ಐತೆ. ಆಗ್ಲೂ ಅಮಾಸೆಗೊಂದು ಮಂತ್ರಿಸಿ ನಿಮ್ ಚೀಲದಾಗೆ ಇಡ್ತಿದ್ದೆ.”

ನನ್ನ ಕೋಪವೆಲ್ಲ ಇಳಿದುಹೋಯಿತು. “ಬುತ್ತಿ ಜೊತೆ ಇರ್ತಿತ್ತಲ್ಲ, ಆ ಹಣ್ಣಾ?”

“ಹೂಂ, ಅದೇ. ಯಾಕ?”

“ಅದನ್ನ ನಾನು ಮಂಡಕ್ಕಿಗೆ ಹಿಂಡ್ಕೊಂಡು ತಿಂತಿದ್ದೆನಲ್ಲೇ!”

ಅವಳು ಬಾಯಿಗೆ ಸೆರಗು ಹಿಡಿದಳು. ಆಮೇಲೆ ಮುಖ ಅರಳಿತು. “ಅದಕ್ಕೇ ನೋಡ್ರಿ ನಿಮಗೆ ಇಷ್ಟು ವರ್ಷ ಏನೂ ಆಗ್ಲಿಲ್ಲ. ಒಳಗೇ ಇತ್ತಲ್ಲ!”

ಈಗ ಹೊಳೆಗೆ ಹೊರಟಾಗಲೆಲ್ಲ ಬಾಗಿಲಲ್ಲಿ ಒಂದು ಲೋಟ ನಿಂಬೆ ಶರಬತ್ತು ಕಾದಿರುತ್ತದೆ. ಪೂರ್ತಿ ಕುಡಿದು ಲೋಟ ಬೋರಲು ಹಾಕಿ ತೋರಿಸಿದರೇ ದಾರಿ ಬಿಡುತ್ತಾಳೆ.