ಆಟಿಕೆಗಳ ಹಾಜರಿ ವಿಚಾರವಾಗಿ ಡಬ್ಬಿ ಕಂಪನಿಯವರಿಗೆ

ಪಾರದರ್ಶಕ ಆಟಿಕೆ ಡಬ್ಬಿಗಳ ತಯಾರಕರೂ, ಚೆಲ್ಲಾಪಿಲ್ಲಿಯಾದ ಸಂಸಾರಗಳ ಉದ್ಧಾರಕರೂ ಆದ ಮಾನ್ಯ ವ್ಯವಸ್ಥಾಪಕರೇ,

ತಾವೂ, ತಮ್ಮ ಕಾರ್ಖಾನೆಯ ಸಮಸ್ತ ಮುಚ್ಚಳಗಳೂ ಕ್ಷೇಮವೆಂದು ನಂಬಿ ಈ ಬಿನ್ನಹ. ಕಳೆದ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ನಮ್ಮ ಮನೆಯ ನಡುಕೋಣೆಯ ನೆಲವು ನಾಲ್ಕು ವರ್ಷಗಳ ಅಜ್ಞಾತವಾಸ ಮುಗಿಸಿ ಸಾರ್ವಜನಿಕ ದರ್ಶನಕ್ಕೆ ಲಭ್ಯವಾಯಿತೆಂಬ ಸಂಗತಿಯನ್ನು ತಮಗೂ, ತಮ್ಮ ಮೂಲಕ ಸಕಲ ಗ್ರಾಹಕರಿಗೂ ತಿಳಿಸಲು ಹರ್ಷಿಸುತ್ತೇನೆ. ನೆಲದ ಬಣ್ಣ ತಿಳಿಹಸಿರೆಂದು ನನ್ನ ಹೆಂಡತಿಯೂ ಬೂದಿಯೆಂದು ನಾನೂ ಬಹುಕಾಲದಿಂದ ವಾದಿಸುತ್ತಿದ್ದೆವು. ಎಂದಿನಂತೆ ಅವಳೇ ಗೆದ್ದಳು. ನಾನು ಬರಿಗಾಲಿನಲ್ಲಿ ಅಡುಗೆಮನೆಯವರೆಗೆ ಹೋಗಿ, ದಾರಿಯಲ್ಲಿ ಒಮ್ಮೆಯೂ ‘ಅಯ್ಯೋ’ ಎನ್ನದೆ ಹಿಂತಿರುಗಿದೆ. ಇದೆಲ್ಲ ತಮ್ಮ ಹದಿನೆಂಟು ಡಬ್ಬಿಗಳ ಪುಣ್ಯ.

ನಾನು ಹೊಟ್ಟೆಪಾಡಿಗೆ ವಾಹನಗಳ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವವನು. ಗೋಡೆಯುದ್ದಕ್ಕೂ ಖಾನೆ, ಖಾನೆಗೊಂದು ಕಾರ್ಡು, ಸಾಮಾನು ಮುಟ್ಟಿದಾಗಲೆಲ್ಲ ಕಾರ್ಡಿನ ಮೇಲೆ ತಾರೀಖು: ಹದಿನಾರು ವರ್ಷಗಳಿಂದ ಇದೇ ನನ್ನ ಜಪ. ಹೀಗಿರುವಾಗ, ತಮ್ಮ ಡಬ್ಬಿಗಳ ಜೊತೆಗಿದ್ದ ಬಣ್ಣದ ಸೂಚನಾಪತ್ರದಲ್ಲಿ ‘ಮಗು ಆರು ತಿಂಗಳಿಂದ ಮುಟ್ಟದ ಆಟಿಕೆಗೆ ಮನೆಯಲ್ಲಿ ಜಾಗವಿಲ್ಲ’ ಎಂಬ ನಿಯಮವನ್ನು ಓದಿದಾಗ, ಪರವೂರಿನಲ್ಲಿ ನೆಂಟರು ಸಿಕ್ಕಷ್ಟು ಆನಂದವಾಯಿತು.

ತಾವು ದಯಪಾಲಿಸಿದ ಚೀಟಿಗಳು ಐದು ಬಗೆ: ವಾಹನ, ಪ್ರಾಣಿ, ಗೊಂಬೆ, ಕಟ್ಟುವ ತುಂಡು, ಇತರೆ. ಸೃಷ್ಟಿಯನ್ನೇ ಐದು ಮಾತಿನಲ್ಲಿ ಮುಗಿಸಿದ ತಮ್ಮ ಜಾಣ್ಮೆಗೆ ತಲೆಬಾಗಿ ನಾನು ಬೆಳಗಿನಿಂದ ವಿಂಗಡಿಸಲು ಕೂತೆ. ಎರಡನೇ ತರಗತಿಯಲ್ಲಿ ಓದುವ ನನ್ನ ಮಗಳ ತಕರಾರೂ ಜೊತೆಗೇ ಕೂತಿತು. ಕೆಂಪು ಬಸ್ಸು ಮೂರು ಪುಟ್ಟ ಕಾರುಗಳ ತಾಯಿಯಾದ್ದರಿಂದ ಅದನ್ನು ‘ವಾಹನ’ ಎನ್ನಲಾಗದು. ಒಂಟಿ ಕಾಲುಚೀಲ ಕರಡಿಯ ಹೊದಿಕೆ. ಕುತ್ತಿಗೆ ಮುರಿದ ಜಿರಾಫೆ ಪ್ರಾಣಿಯಲ್ಲ, ರೋಗಿ. ಕಡೆಗೆ ಹದಿನೆಂಟು ಡಬ್ಬಿಗಳಲ್ಲಿ ಹನ್ನೊಂದರ ಮೇಲೆ ‘ಇತರೆ’ ಎಂಬ ಚೀಟಿಯೇ ಬಿತ್ತು. ಬಾಗಿಲಿಗೊರಗಿ ನೋಡುತ್ತಿದ್ದ ನನ್ನ ಅತ್ತೆಯವರು, “ಅಳಿಯಂದ್ರೇ, ಎಲ್ಲಾ ಆಯ್ತಲ್ಲ, ಮಗೂನ ಯಾವ ಡಬ್ಬೀಲಿ ಹಾಕ್ತೀರಿ?” ಎಂದು ವಿಚಾರಿಸಿಕೊಂಡರು. ನಾನು ಸೂಚನಾಪತ್ರವನ್ನು ಹಿಂದುಮುಂದು ತಿರುಗಿಸಿ ನೋಡಿ, ಕೊನೆಯ ಮುಚ್ಚಳ ಒತ್ತಿದೆ.

ಇಲ್ಲಿಗೇ ನಿಲ್ಲಿಸಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಉಗ್ರಾಣದ ಕೈ ಸುಮ್ಮನಿರಬೇಕಲ್ಲ. ನಾನು ಒಂದೊಂದು ಆಟಿಕೆಗೂ ದಾರದಲ್ಲಿ ಒಂದೊಂದು ಪುಟ್ಟ ಕಾರ್ಡು ಕಟ್ಟಿದೆ. ಆಡಿದ ದಿನದ ತಾರೀಖನ್ನು ಅದರ ಮೇಲೆ ಬರೆಯತಕ್ಕದ್ದೆಂದು ಸಾರಿದೆ. ತಮ್ಮ ಆರು ತಿಂಗಳು ತೀರಾ ಉದಾರವೆನ್ನಿಸಿ ಅದನ್ನು ಒಂದು ವಾರಕ್ಕಿಳಿಸಿದೆ. ತಾರೀಖು ತಪ್ಪಿದ ಆಟಿಕೆ ಬಾಗಿಲ ಬಳಿಯ ಗೋಣಿಚೀಲಕ್ಕೆ, ಅಲ್ಲಿಂದ ಬೀದಿ ಕೊನೆಯ ಶಿಶುವಿಹಾರಕ್ಕೆ ಎಂದು ತೀರ್ಪು ಕೊಟ್ಟೆ. “ಅಲ್ಲಿ ನಟ್ಟು ಬೋಲ್ಟು ಎಣಿಸಿದ್ದು ಸಾಲ್ದೇನ್ರೀ ನಿಮಗೆ?” ಎಂದು ಹೆಂಡತಿ ಕೇಳಿದಳು. ಮಗಳು ಮಾತ್ರ ತಕರಾರು ಬಿಟ್ಟು, ಒಂದೇ ಒಂದು ಪ್ರಶ್ನೆ ಹಾಕಿದಳು: “ಮುಟ್ಟಿದ್ರೆ ಸಾಕಾ ಅಪ್ಪಾ?” ಮಗಳು ದಾರಿಗೆ ಬಂದಳೆಂದು ಉಬ್ಬಿದ ನಾನು “ಸಾಕು ಮಗಳೇ” ಅಂದುಬಿಟ್ಟೆ.

ಮಾನ್ಯರೇ, ಅಂದಿನಿಂದ ನಮ್ಮ ಮನೆಯಲ್ಲಿ ನಡೆದಿರುವ ಶಿಸ್ತು ಯಾವ ಕಚೇರಿಯಲ್ಲೂ ನಡೆದಿರಲಾರದು. ಅವಳು ಶಾಲೆಯಿಂದ ಬರುತ್ತಾಳೆ, ಬೂಟು ಬಿಚ್ಚುತ್ತಾಳೆ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಡಬ್ಬಿಗಳ ಮುಂದೆ ಕೂರುತ್ತಾಳೆ. ಒಂದು ಡಬ್ಬಿ ತೆರೆ, ಆಟಿಕೆಯನ್ನು ಬೆರಳಿನಿಂದ ಮುಟ್ಟು, ತಾರೀಖು ಬರೆ, ಮುಚ್ಚಳ ಹಾಕು. ಒಟ್ಟು ನೂರಾ ಮೂವತ್ತೇಳು ಆಟಿಕೆ; ವಾರಕ್ಕೊಮ್ಮೆ ಮುಟ್ಟಿದರೆ ಸಾಕಾದರೂ, ಯಾವುದೂ ತಪ್ಪಬಾರದೆಂದು ಎಲ್ಲವನ್ನೂ ದಿನಾ. ಒಂದೂವರೆ ಗಂಟೆಯ ಕೆಲಸ. ಜ್ವರ ಬಂದ ದಿನ ಬದಲಿಗೆ ಅಜ್ಜಿಯನ್ನು ಕೂರಿಸಿದಳು. ಬಗ್ಗಿ ಎದ್ದು ಅವರ ಸೊಂಟ ಹಿಡಿದುಕೊಂಡಿತೇ ಹೊರತು ಒಂದು ಹಾಜರಿಯೂ ತಪ್ಪಲಿಲ್ಲ. ನಾಲ್ಕು ವಾರ ಕಳೆದರೂ ಗೋಣಿಚೀಲಕ್ಕೆ ಒಂದು ಗೋಲಿಯೂ ಬಿದ್ದಿಲ್ಲ. ನೆಲ ಫಳಫಳ ಹೊಳೆಯುತ್ತಿದೆ. ತಮ್ಮ ಜಾಹೀರಾತಿನ ಚಿತ್ರದಲ್ಲಿ ಕಂಡ ಕೋಣೆಯೇ ನಮ್ಮದಾಗಿದೆ; ಆ ಚಿತ್ರದಲ್ಲಿ ಮಗು ಯಾಕಿರಲಿಲ್ಲವೆಂಬುದು ಈಗ ತಿಳಿಯುತ್ತಿದೆ.

ಮೊನ್ನೆ ಸಂಜೆ ಪಕ್ಕದ ಮನೆಯ ಹುಡುಗಿ ಕಿಟಕಿಗೆ ಮುಖವಿಟ್ಟು “ಬಾರೇ, ಆಡೋಣ” ಅಂತ ಕೂಗಿದಳು. ನನ್ನ ಮಗಳು ತಲೆಯೆತ್ತದೆ, “ಪುರುಸೊತ್ತಿಲ್ಲ ಕಣೇ, ಇನ್ನೂ ಅರವತ್ತು ಬಾಕಿ ಇದೆ” ಅಂದಳು. ದನಿ ಅವಳದು, ಧಾಟಿ ನನ್ನದು. ಉಗ್ರಾಣದಿಂದ ಮನೆಗೆ ಫೋನು ಮಾಡಿದಾಗಲೆಲ್ಲ ನಾನು ಆಡುವ ಮಾತೇ ಅದು. ಆ ಹುಡುಗಿ ಹೊರಟುಹೋದಳು. ಎಷ್ಟು ಚೊಕ್ಕಟವಾದ ಕೋಣೆಯೆಂದರೆ, ಆಮೇಲೆ ಪೆನ್ಸಿಲ್ ಕಾರ್ಡಿನ ಮೇಲೆ ಉಜ್ಜುವ ಸದ್ದೊಂದೇ ಕೇಳುತ್ತಿತ್ತು.

ಮರುದಿನವೇ ನಾನು ನಿಯಮ ರದ್ದಾಯಿತೆಂದು ಘೋಷಿಸಿ, ಕತ್ತರಿ ಹಿಡಿದು ದಾರ ಕತ್ತರಿಸಲು ಹೋದೆ. ಅವಳು ಡಬ್ಬಿಯ ಮೇಲೆ ಅಡ್ಡಬಿದ್ದಳು. ತಾರೀಖು ನಿಂತ ದಿನವೇ ಕಿವಿ ಹರಿದ ಮೊಲವನ್ನು ನಾನು ಶಿಶುವಿಹಾರಕ್ಕೆ ಸಾಗಿಸುತ್ತೇನೆಂಬ ಭಯ ಅವಳಿಗೆ. ಅಪ್ಪನೇ ಹೇಳುತ್ತಿದ್ದೇನಲ್ಲ ಎಂದರೆ, ತಮ್ಮ ಸೂಚನಾಪತ್ರವನ್ನು ತಂದು ನನ್ನ ಮುಂದೆ ಹಿಡಿದು, “ನೀನು ಹೇಳಿದ್ರೆ ಆಗಲ್ಲಪ್ಪ. ಇದು ಅಚ್ಚಾಗಿದೆ” ಎಂದಳು. ಒಳಗಿನಿಂದ ಹೆಂಡತಿಯದು ಒಂದೇ ಮಾತು: “ಮಾಡಿದ್ದುಣ್ಣೋ ಮಹಾರಾಯ.”

ಆದ್ದರಿಂದ ಮೊದಮೊದಲು ತಮ್ಮಲ್ಲಿ ಭಾರಿ ಬೇಡಿಕೆಗಳನ್ನಿಡುವ ಯೋಚನೆಯಿತ್ತು. ಕುತ್ತಿಗೆ ಮುರಿದ ಜಿರಾಫೆಯ ವರ್ಗ ನಿರ್ಧರಿಸಲು ತಮ್ಮ ಹಿರಿಯ ಅಧಿಕಾರಿಯೊಬ್ಬರನ್ನು ಕಳಿಸಬೇಕು. ಬಸ್ಸಿನ ಮಾತೃತ್ವವನ್ನು ಅವರು ಬರವಣಿಗೆಯಲ್ಲಿ ಒಪ್ಪಬೇಕು. ಆಡಿ ಮುಗಿಯುವ ತನಕ ಏನು ಮಾಡಿದರೂ ಮುಚ್ಚಿಕೊಳ್ಳದಂಥ ಡಬ್ಬಿಯನ್ನು ಕಂಡುಹಿಡಿಯಬೇಕು. ನಮ್ಮ ನೆಲವನ್ನು ಮೊದಲಿನ ಸ್ಥಿತಿಗೆ ತರಲು ಚೆಲ್ಲುವುದರಲ್ಲಿ ಪಳಗಿದ ಇಬ್ಬರು ಕೆಲಸಗಾರರನ್ನು ನೇಮಿಸಬೇಕು. ಇವೆಲ್ಲವನ್ನೂ ಕೈಬಿಟ್ಟಿದ್ದೇನೆ. ಡಬ್ಬಿಗಳನ್ನು ಹಿಂತಿರುಗಿಸುವ ಮಾತೂ ಇಲ್ಲ. ಗಟ್ಟಿ ಮುಚ್ಚಳದ ಐದನ್ನು ಅತ್ತೆಯವರು ಆಗಲೇ ಬೇಳೆಕಾಳಿಗೆ ಒಯ್ದಿದ್ದಾರೆ. ಅವರ ಕೈ ಸೇರಿದ ಡಬ್ಬಿ ಹಿಂದಕ್ಕೆ ಬಂದ ದಾಖಲೆಯಿಲ್ಲ.

ನನಗೆ ಬೇಕಾಗಿರುವುದು ಒಂದು ಕಾಗದ. ತಮ್ಮ ಕಂಪನಿಯ ಹೆಸರು ಮೇಲೆ ಅಚ್ಚಾಗಿರುವ ಹಾಳೆಯಲ್ಲಿ, ‘ಯಾವ ಆಟಿಕೆಯನ್ನೂ ದಿನಾ ಮುಟ್ಟಬೇಕಾಗಿಲ್ಲ, ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ’ ಎಂದು ಎರಡೇ ಸಾಲು ಬರೆದು ಕಳಿಸಿದರೆ ತಮ್ಮ ಉಪಕಾರವನ್ನು ಬದುಕಿರುವ ತನಕ ಮರೆಯುವುದಿಲ್ಲ.

ಹೊಳೆಯುವ ನೆಲದ ಮೇಲೆ ಒಬ್ಬನೇ ಕೂತಿರುವ,
ತಮ್ಮ ವಿಶ್ವಾಸಿ,
ಹುಡುಗಿಯ ಅಪ್ಪ

ತಾ.ಕ.: ಕಾಗದ ನನ್ನ ಹೆಸರಿಗೆ ಬೇಡ, ನನ್ನ ಮಾತಿಗೆ ಈ ಮನೆಯಲ್ಲಿ ಎಷ್ಟು ಬೆಲೆಯೆಂದು ಮೇಲೆ ನಿವೇದಿಸಿದ್ದೇನೆ, ‘ಆಟಿಕೆಗಳ ಮೇಲ್ವಿಚಾರಕಿಯವರಿಗೆ’ ಎಂದು ಬರೆಯಿರಿ. ಅವಳಿನ್ನೂ ಅಕ್ಷರ ಕೂಡಿಸಿ ಓದುವವಳಾದ್ದರಿಂದ ಅಕ್ಷರಗಳು ದೊಡ್ಡದಾಗಿರಲಿ. ನಿಯಮ ಅಚ್ಚು ಹಾಕಿಸುವಾಗ ತಾವು ತೋರಿದ ಅವಸರದಲ್ಲಿ ಅರ್ಧದಷ್ಟನ್ನಾದರೂ ಉತ್ತರಕ್ಕೂ ತೋರಿ. ಪಕ್ಕದ ಮನೆಯ ಹುಡುಗಿ ಇನ್ನೊಂದೆರಡು ಸಲ ಬಂದು ಕರೆದಾಳು. ಅದಾದ ಮೇಲೆ ಬೇರೆ ಕಿಟಕಿ ನೋಡಿಕೊಳ್ಳುತ್ತಾಳೆ. ಕೆಳಗೆ ಒಂದು ದುಂಡನೆಯ ಸೀಲು ಮಾತ್ರ ಮರೆಯದೆ ಒತ್ತಿ, ನೀಲಿಯದಾದರೆ ಒಳ್ಳೆಯದು.