ಸಿಡಿಲಣ್ಣನ ಮೀಸೆ

ಸಿಡಿಲಣ್ಣನಿಗೆ ಮೀಸೆ ಇತ್ತೋ ಇಲ್ಲವೋ ಎಂಬುದು ಬಳ್ಳಾರಿಯಲ್ಲಿ ಯಾರಿಗೂ ಬೇಕಿರದ ಪ್ರಶ್ನೆ. ಆದರೆ ಶುಕ್ರವಾರ ಮಧ್ಯಾಹ್ನ, ಕಚೇರಿಯ ಊಟದ ಡಬ್ಬಿಗಳ ನಡುವೆ, ಅದು ಗುಮಾಸ್ತ ಜಂಬುನಾಥನ ಮಾನದ ಪ್ರಶ್ನೆಯಾಯಿತು. ಸಿಡಿಲಣ್ಣ ಎಂದರೆ ಚಿಕ್ಕಂದಿನಲ್ಲಿ ಅವರೆಲ್ಲ ಓದಿದ ಕಾಮಿಕ್ಸಿನ ಮಹಾವೀರ. ಮೊಟ್ಟಮೊದಲ ಸಂಚಿಕೆಯಲ್ಲಿ ಅವನಿಗೆ ಮೀಸೆ ಇತ್ತೆಂದು ಜಂಬುನಾಥ, ಇರಲೇ ಇಲ್ಲವೆಂದು ಪಕ್ಕದ ಮೇಜಿನ ಮುಸ್ತಾಕ್.

"ನಾಳಿ ಸಂಜಿ ಐದರೊಳಗ ಸೋತವ ಮೀಸಿ ಬೋಳಿಸ್ಬೇಕು," ಎಂದ ಎದುರು ಮೇಜಿನ ವಿರೂಪಾಕ್ಷಿ. ಅವನೇ ತೀರ್ಪುಗಾರ. ಅವನಿಗೆ ಮೀಸೆ ಇರಲಿಲ್ಲ.

ಜಂಬುನಾಥನ ತಲೆ ಬೋಳಾಗಿ ಹತ್ತು ವರ್ಷ. ಕನ್ನಡಿ ನೋಡಿದಾಗ ಜೀವಕ್ಕೆ ಸಮಾಧಾನ ಕೊಡುತ್ತಿದ್ದುದು ಆ ಮೀಸೆಯೊಂದೇ. ಶನಿವಾರ ಮೊದಲ ಬಸ್ಸಿಗೇ ಸಿರುಗುಪ್ಪದ ತಂಗಿ ರೇಣುಕಾಳ ಮನೆಗೆ ಹೋಗಿ, ಅಲ್ಲಿಟ್ಟಿದ್ದ ತನ್ನ ಹಳೆಯ ಟ್ರಂಕು ತೆಗೆದ. ಮೊದಲ ಸಂಚಿಕೆ ಸಿಕ್ಕೇ ಸಿಕ್ಕಿತು. ಮುಖಪುಟದಲ್ಲಿ ಸಿಡಿಲಣ್ಣನಿಗೆ ಭರ್ಜರಿ ಮೀಸೆ. ಕುಣಿದಾಡುವಷ್ಟು ಖುಷಿಯಾಯಿತು. ಪುಟ ತಿರುಗಿಸಿದರೆ ನಾಯಕಿಗೂ ಮೀಸೆ, ಅವಳ ಅಜ್ಜಿಗೂ ಮೀಸೆ, ಕುದುರೆಗೂ ಮೀಸೆ.

"ಇದನ್ನೆಲ್ಲ ಯಾರು ಬರದ್ರು?"

"ನೀನ ಬರದಿ ಅಣ್ಣ. ಜ್ವರ ಬಂದು ಸಾಲಿಗೆ ಹೋಗ್ದ ಮಲಗಿದ್ದಿಯಲ್ಲ, ಆವಾಗ. ನನಗೂ ಬರೀತೀನಂತ ಪೆನ್ ಹಿಡ್ಕೊಂಡು ಬೆನ್ನತ್ತಿದ್ದಿ."

ಶಾಯಿಯ ಅಡಿಯಲ್ಲಿ ಅಚ್ಚಿನ ಮೀಸೆ ಉಂಟೋ ಎಂದು ಬಿಸಿಲಿಗೆ ಹಿಡಿದು ನೋಡಿದ. ಹಿಂದಿನ ಪುಟದ ಮೀಸೆಗಳೂ ಕಂಡು ತಲೆ ಚಿಟ್ಟು ಹಿಡಿಯಿತು.

"ಕುರುಗೋಡಿಗೆ ಹೋಗು," ಎಂದಳು ರೇಣುಕಾ. "ಪೇಪರ್ ಏಜೆಂಟ್ ಉಜ್ಜಿನಪ್ಪಾರು ಯಾವ ಪುಸ್ತಕ ಬಂದ್ರೂ ಮೊದಲನೇ ಸಂಚಿಕಿ ಮುಖಪುಟಕ್ಕ ಕಟ್ಟು ಹಾಕ್ಸಿ ಪೂಜಿ ಮಾಡ್ತಾರ."

ನಿಜವೇ. ಉಜ್ಜಿನಪ್ಪನವರ ಅಂಗಡಿಯಲ್ಲಿ, ಲಕ್ಷ್ಮಿಯ ಪಕ್ಕದಲ್ಲೇ ಗಾಜಿನ ಕಟ್ಟಿನಲ್ಲಿ ಸಿಡಿಲಣ್ಣ ನಿಂತಿದ್ದ. ಶುಕ್ರವಾರ ಶುಕ್ರವಾರ ಹಣೆಗೆ ಹಚ್ಚಿದ ಕುಂಕುಮ ಮೂವತ್ತು ವರ್ಷಗಳಲ್ಲಿ ಗದ್ದದವರೆಗೆ ಇಳಿದು ಮುಖವೇ ಕಾಣುತ್ತಿರಲಿಲ್ಲ.

"ಒಂದೀಟು ಒರಸ್ಲೇನ್ರಿ ಯಜಮಾನ್ರ?"

"ಹಂಗ ಕೈ ಹಚ್ಚಬ್ಯಾಡಪ. ಮೊದಲ್ನೇ ಸಂಚಿಕಿ ಅಂದ್ರ ಮೊದಲ್ನೇ ಲಗ್ನಪತ್ರಿಕಿ ಇದ್ದಂಗ. ಅದು ದೇವರದು."

ಜಂಬುನಾಥ ಕೈಕಾಲು ತೊಳೆದ, ಕಾಯಿ ಒಡೆದ, ಹೂವಿನ ಹಾರ ತಂದು ಹಾಕಿದ. ಆಮೇಲೆ ಉಜ್ಜಿನಪ್ಪನವರೇ ಒದ್ದೆ ಬಟ್ಟೆ ಕೊಟ್ಟರು. ಒರೆಸಿದರೆ, ಸಿಡಿಲಣ್ಣನ ಮುಖ ಬೆಳಗಿದ ತಟ್ಟೆಯಂತೆ ನುಣ್ಣಗಿತ್ತು. ಒಂದೇ ಒಂದು ಕೂದಲಿರಲಿಲ್ಲ.

ಸೋತಿದ್ದಾಯಿತು. ಜಂಬುನಾಥ ಮಾತಿಗೆ ತಪ್ಪುವವನಲ್ಲ. ಎದುರಿನ ಕಟಿಂಗ್ ಶಾಪಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಯಾರೋ ಅಪರಿಚಿತ ಕೂತಿದ್ದ. ಅಳು ಬಂತು.

ಸಂಜೆ ಐದಕ್ಕೆ ಬಳ್ಳಾರಿಯ ಚಹಾದಂಗಡಿಯಲ್ಲಿ ವಿರೂಪಾಕ್ಷಿ ಕಾಯುತ್ತಿದ್ದ. ಜಂಬುನಾಥ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬಂದ. ಹೆಲ್ಮೆಟ್ ತೆಗೆಯದೆಯೇ ಮುಸ್ತಾಕ್ ಬಂದು ಕೂತ.

"ನೀನ ಗೆದ್ದಿ ಮುಸ್ತಾಕ್," ಎಂದು ಜಂಬುನಾಥ ಕರವಸ್ತ್ರ ತೆಗೆದ.

ಮುಸ್ತಾಕ್ ಹೆಲ್ಮೆಟ್ ತೆಗೆದ. ಅವನ ತುಟಿಯ ಮೇಲೂ ಬಯಲು.

"ನೀ ಗೆದ್ದಿ ಅಂತ ನಾ ಬೋಳಿಸ್ಕೊಂಡು ಬಂದೀನಲ್ಲಲೇ," ಎಂದು ಚೀಲದಿಂದ ಒಂದು ಹಳೆಯ ಪುಸ್ತಕ ತೆಗೆದಿಟ್ಟ. ಅದೇ ಮೊದಲ ಸಂಚಿಕೆ, ಮುಖಪುಟ ಮಾತ್ರ ಹರಿದುಹೋಗಿತ್ತು. ಒಳಗೆ ಪುಟಪುಟದಲ್ಲೂ ಸಿಡಿಲಣ್ಣನಿಗೆ ಅಚ್ಚಿನ ಮೀಸೆ. ಮುಖಪುಟ ಬರೆದ ಕಲಾವಿದ ಒಬ್ಬ, ಒಳಗೆ ಬರೆದವನು ಇನ್ನೊಬ್ಬ.

"ಹಂಗಾದ್ರ ಸೋತವರು ಯಾರು?" ಎಂದ ಜಂಬುನಾಥ, ಏನೂ ತಿಳಿಯದೆ.

ವಿರೂಪಾಕ್ಷಿ ಇಬ್ಬರ ಮುಖವನ್ನೂ ಸಾವಕಾಶ ನೋಡಿ ಚಹಾ ಮುಗಿಸಿದ.

"ಈ ಸಂಚಿಕ್ಯಾಗ ಇಬ್ರೂ ಸಮ. ತೀರ್ಪು ಎರಡನೇ ಸಂಚಿಕಿ ಮ್ಯಾಲ ಹೇಳ್ತೀನಿ. ಮೊದಲು ಮೀಸಿ ಬಿಟ್ಕೊಂಡು ಬರ್ರಿ."