ಉಸಿರಾಡುವ ಗೋಡೆ

ಹಿರಿಯ ಮೇಸ್ತ್ರಿ ತೀರಿಕೊಂಡ ಸುದ್ದಿ ಬಂದಾಗ ಬಾಲಂಗೋಚಿ ಯಾರದೋ ಮನೆಯ ಗೋಡೆಗೆ ಗಾರೆ ಮೆತ್ತುತ್ತಿದ್ದ. ಮೂವತ್ತು ವರ್ಷ ಗುರುವಿನ ಬೆನ್ನ ಹಿಂದೆಯೇ ತಿರುಗಿದ್ದಕ್ಕೆ ಜನ ಅವನಿಗಿಟ್ಟ ಹೆಸರು ಅದು. ಅವನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಎರಡನೆಯ ಸುದ್ದಿ ಬಂತು: ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಸಂತಾಪ ಸಭೆ.

ಆ ಕೋಣೆ ಗುರುವಿನ ಕೊನೆಯ ಕೆಲಸ. ಒಂದು ಬೇಸಿಗೆಯೆಲ್ಲ ಹುತ್ತದ ಮುಂದೆ ಕೂತು, ಗೆದ್ದಲು ಬಿಸಿಗಾಳಿಯನ್ನು ಮೇಲೆ ಕಳಿಸಿ ತಂಪನ್ನು ಬುಡದಿಂದ ಎಳೆದುಕೊಳ್ಳುವ ಬಗೆಯನ್ನು ಅವರು ನೋಡಿ ಕಲಿತಿದ್ದರು. ಹಾಗೆಯೇ ಉತ್ತರದ ಗೋಡೆಯ ಬುಡದಲ್ಲಿ ನಲವತ್ತು ತೂತು ಬಿಟ್ಟು, ಅವಕ್ಕೆ ನೆಲದಡಿಯಿಂದ ಗಾಳಿಯ ದಾರಿ ಮಾಡಿ, ಬಿಸಿಗಾಳಿ ಹೊರಹೋಗಲು ಛಾವಣಿಯ ಮೇಲೊಂದು ಎತ್ತರದ ಗೂಡು ಕಟ್ಟಿದ್ದರು. ವಿದ್ಯುತ್ತು ಬೇಡ, ಯಂತ್ರ ಬೇಡ. ಆದರೆ ಗ್ರಂಥಾಲಯ ಸಮಿತಿಯ ಅಧ್ಯಕ್ಷರಿಗೆ ನಂಬಿಕೆಯಿಲ್ಲ. ತೂತು ಮುಚ್ಚಿಸಿ ಏಸಿ ಹಾಕಿಸುವ ಮಾತು ನಾಳೆ ತೀರ್ಮಾನವಾಗಬೇಕು. ಇವತ್ತು ಕೋಣೆ ತಂಪಾಗಿದ್ದರೆ ಗುರುವಿನ ಕೆಲಸ ಉಳಿದೀತು.

ಬಾಲಂಗೋಚಿ ಎರಡಕ್ಕೆ ಬಂದು ನೋಡಿದರೆ ಕೋಣೆ ಇಟ್ಟಿಗೆ ಸುಡುವ ಭಟ್ಟಿಯಂತಿತ್ತು.

"ಅಕ್ಕಾ, ತೂತುಗಳೆಲ್ಲ ಏನಾದ್ವು?"

"ಹಳೇ ಪೇಪರ್ ತುರುಕಿದೀನಪ್ಪ," ಎಂದಳು ಗ್ರಂಥಪಾಲಕಿ. "ಧೂಳು ಬಂದು ಫೋಟೋ ಮೇಲೆ ಕೂತ್ರೆ? ಹಿರಿಯರಿಗೆ ಮರ್ಯಾದೆ ಬೇಡ್ವಾ?"

ಅವನು ಮಂಡಿಯೂರಿ ನಲವತ್ತೂ ತೂತಿನ ಪೇಪರ್ ಕಿತ್ತ. ಗಾಳಿ ಮಾತ್ರ ಅಲುಗಲಿಲ್ಲ.

"ಹೇಗೆ ಬರತ್ತೆ?" ಎಂದ ಎದುರು ಅಂಗಡಿಯ ದರ್ಜಿ, ಹೆಮ್ಮೆಯಿಂದ. "ಮೇಲಿನ ಗೂಡಿಗೆ ನಾನೇ ಕಪ್ಪು ಬಟ್ಟೆ ಹೊದಿಸಿದೀನಿ. ಶೋಕ ಅಂದ್ಮೇಲೆ ನಾಲ್ಕು ಬೀದಿಗೆ ಕಾಣ್ಬೇಕು. ಎರಡೆರಡು ಹೊಲಿಗೆ ಹಾಕಿದೀನಿ, ಬಿಚ್ಚೋ ಮಾತೇ ಇಲ್ಲ."

ಬಾಲಂಗೋಚಿ ಏಣಿ ಹತ್ತಿದ. ದರ್ಜಿ ಸುಳ್ಳು ಹೇಳಿರಲಿಲ್ಲ. ಕೆಳಗೆ ಜನ ಸೇರಿ, ಕಣ್ಣು ಮುಚ್ಚಿ ಮೌನಾಚರಣೆಗೆ ನಿಂತಾಗಲೂ ಅವನು ಗೂಡನ್ನು ತಬ್ಬಿಕೊಂಡು ಹಲ್ಲಿನಿಂದ ದಾರ ಕಡಿಯುತ್ತಲೇ ಇದ್ದ. ಕೊನೆಗೆ ಬಟ್ಟೆ ಕಳಚಿತು. ಅದರ ಜೊತೆಗೇ ಅವನ ಎಡಗಾಲಿನ ಚಪ್ಪಲಿ ಗೂಡಿನೊಳಗಿಂದ ಇಳಿದು ಫೋಟೋದ ಮುಂದೆ ಬಿತ್ತು. ಅಧ್ಯಕ್ಷರು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು.

ಆಮೇಲೆ ತಂಪು ಬಂತು. ಮೊದಲು ಪಾದಕ್ಕೆ, ನಿಧಾನವಾಗಿ ಎದೆಗೆ. ಹತ್ತು ನಿಮಿಷಕ್ಕೆಂದು ಬಂದವರು ಒಂದು ಗಂಟೆ ಕೂತರು. ಅಧ್ಯಕ್ಷರ ಕಣ್ಣು ತುಂಬಿ ಬಂತು.

"ನಂದೇ ತಪ್ಪು. ಏಸಿ ಬೇಡ. ಇಂಥವರ ಹೆಸರು ಅಳೀಬಾರ್ದು. ಉತ್ತರದ ಗೋಡೆಗೆ ಬುಡದಿಂದಲೇ ಒಂದು ದೊಡ್ಡ ಸ್ಮಾರಕದ ಕಲ್ಲು ಹಾಕ್ಸೋಣ. ಹೇಗೂ ಆ ಗೋಡೆ ತೂತು ಬಿದ್ದು ಅಂದಗೆಟ್ಟಿದೆ."

ಬಾಲಂಗೋಚಿ ಹಿಂದಿನ ಸಾಲಿನಿಂದ ಒಂದೇ ಚಪ್ಪಲಿಯಲ್ಲಿ ಓಡಿಬಂದ. "ಸ್ವಾಮಿ, ಗಾಳಿ ಒಳಗೆ ಬರೋದೇ ಆ ತೂತಲ್ಲಿ."

"ನಮಗೂ ಕಣ್ಣಿದೆಯಪ್ಪ. ಬಟ್ಟೆ ತೆಗೆದಿದ್ದು ಮೇಲೆ, ತಂಪಾಗಿದ್ದು ಆಮೇಲೆ. ತಂಪು ಇಳಿಯೋದು ಮೇಲಿಂದ್ಲೇ. ಗುರುವಿನ ಹೆಸರಿನ ಕಲ್ಲಿಗೆ ಶಿಷ್ಯನೇ ಅಡ್ಡ ಬರ್ತಾನಾ?"

"ಹಾಗನ್ಬೇಡಪ್ಪ, ಪಾಪ ಬರತ್ತೆ," ಎಂದು ಗ್ರಂಥಪಾಲಕಿ ಬಾಲಂಗೋಚಿಗೆ ಹೇಳಿ ಮೂಗೊರೆಸಿಕೊಂಡಳು. ದರ್ಜಿ ಆಗಲೇ ಟೇಪು ಹಿಡಿದು ಗೋಡೆಯ ಅಳತೆ ತೆಗೆಯುತ್ತಿದ್ದ.

"ಕಲ್ಲು ಕೂರಿಸೋ ಪುಣ್ಯ ನಿಂದೇ," ಎಂದು ಅಧ್ಯಕ್ಷರು ಬಾಲಂಗೋಚಿಯ ಬೆನ್ನು ತಟ್ಟಿದರು. "ಒಂದು ಸಂದಿನೂ ಉಳೀಬಾರ್ದು, ನೋಡು."

ಎಲ್ಲರೂ ಕೊನೆಯ ಪ್ರಾರ್ಥನೆಗೆ ಎದ್ದು ನಿಂತರು. ಬಾಲಂಗೋಚಿಯೂ ಕೈಮುಗಿದ.

ದೇವರೇ, ನನ್ನ ಗುರುವಿನ ಆತ್ಮಕ್ಕೆ ಶಾಂತಿ ಕೊಡು. ಅವರು ಈ ಕೋಣೆಯ ಕಡೆ ತಿರುಗಿ ನೋಡದ ಹಾಗೆ ಕಾಪಾಡು.